ಕೆಂಚಿಯ ಬಾಣಂತನ

ದಾವಣಗೆರೆಯ ವಿನೋಬನಗರದ ನಮ್ಮ ಮನೆಯ ಮೆಟ್ಟಿಲ ಕೆಳಗೆ, ಹಳೆಯ ಗೋಣಿಚೀಲದ ಮೇಲೆ, ಬೀದಿನಾಯಿ ಕೆಂಚಿ ಕಳೆದ ತಿಂಗಳು ಆರು ಮರಿ ಹಾಕಿತು. ಮರುದಿನದಿಂದಲೇ ಓಣಿಯವರೆಲ್ಲ ಅದರ ಬಾಣಂತನಕ್ಕೆ ನಿಂತರು. ಎದುರುಮನೆಯ ಅಜ್ಜಿ ತುಪ್ಪ ಸುರಿದ ಬಿಸಿ ಅನ್ನ ತಂದರೆ, ಪಕ್ಕದ ಮನೆಯವರು ಚೊಂಬಿನ ತುಂಬ ಗಟ್ಟಿ ಹಾಲು ತಂದರು. ನಮ್ಮೂರಿನಲ್ಲಿ ಬೆಣ್ಣೆದೋಸೆಗಂತೂ ಬರವಿಲ್ಲ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಗೋಣಿಯ ಅಂಚಿನಲ್ಲೆಲ್ಲ ನೀರಿನಂಥ ಹಳದಿ ಭೇದಿ, ನಡುನಡುವೆ ಲೋಳೆ. "ದೃಷ್ಟಿ ಆಗೇತಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಾಕವ್ವ" ಎಂದರು ಅಜ್ಜಿ. ನನ್ನ ಅಭಿಪ್ರಾಯದಲ್ಲಿ ಕೆಂಚಿಗೆ ತಾಗಿದ್ದು ದೃಷ್ಟಿಯಲ್ಲ, ನಮ್ಮ ಅಕ್ಕರೆ.

ಮರಿ ಹಾಕಿದ ನಾಯಿ ಮಾಸನ್ನು ತಾನೇ ತಿನ್ನುತ್ತದೆ. ಎಳೆಯ ಮರಿಗಳು ತಾಯಿ ನೆಕ್ಕದ ಹೊರತು ಮಲಮೂತ್ರ ಮಾಡಲಾರವಾದ್ದರಿಂದ ಅದನ್ನೂ ನೆಕ್ಕಿ ನುಂಗುತ್ತದೆ. ಹೀಗಾಗಿ ಮೊದಲ ಒಂದೆರಡು ದಿನ ಮಲ ಕಪ್ಪಗೆ, ಸಡಿಲವಾಗಿ ಹೋದರೆ ಗಾಬರಿಪಡಬೇಕಿಲ್ಲ. ತೊಂದರೆಯಾಗುವುದು ಅದರ ಮೇಲೆ ನಾವು ಹಾಲು, ತುಪ್ಪ ಸುರಿದಾಗ. ಬೆಳೆದ ನಾಯಿಯಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕಡಿಮೆಯಿರುವುದರಿಂದ ಅರಗದೆ ಉಳಿದ ಸಕ್ಕರೆ ಕರುಳಿಗೆ ನೀರನ್ನು ಎಳೆದುಕೊಂಡು ಭೇದಿಯಾಗುತ್ತದೆ. ಜಿಡ್ಡು ಒಮ್ಮೆಗೇ ಹೆಚ್ಚಾದರೆ ಮೇದೋಜೀರಕ ಗ್ರಂಥಿಗೇ ಉರಿಯೂತ ಬರಬಹುದು.

ಹೊಟ್ಟೆ ಕೆಟ್ಟ ನಾಯಿಯನ್ನು ಒಂದು ದಿನ ಉಪವಾಸ ಕೆಡವುವ ರೂಢಿಯನ್ನು ಹಾಲೂಡಿಸುವ ತಾಯಿಗೆ ಅನ್ವಯಿಸಬಾರದು. ಮೂರು ನಾಲ್ಕನೆಯ ವಾರದ ಹೊತ್ತಿಗೆ ಅದಕ್ಕೆ ಎಂದಿಗಿಂತ 2ರಿಂದ 4 ಪಟ್ಟು ಆಹಾರ ಬೇಕಾಗುತ್ತದೆ. ನೀರು ಕಡಿಮೆಯಾದರೆ ಮರಿಗಳ ಹಾಲೂ ಬತ್ತುತ್ತದೆ. ಮೆತ್ತಗೆ ಬೆಂದ ಅನ್ನಕ್ಕೆ ಮೂಳೆ ತೆಗೆದ, ಉಪ್ಪು-ಖಾರ-ಈರುಳ್ಳಿ ಸೋಕಿಸದ ಬೇಯಿಸಿದ ಕೋಳಿಮಾಂಸ ಕಲಸಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಇಟ್ಟೆ. ಔಷಧಿ ಅಂಗಡಿಯೊಂದರಲ್ಲಿ ಮನುಷ್ಯರ ಭೇದಿ ಮಾತ್ರೆಯನ್ನು ಅರ್ಧ ಮುರಿದು ಕೊಡಿ ಎಂದರು. ಎಷ್ಟೋ ಔಷಧಿಗಳು ಹಾಲಿನ ಮೂಲಕ ಮರಿಗಳ ಹೊಟ್ಟೆಗೂ ಇಳಿಯುವುದರಿಂದ ಅದನ್ನು ಕೊಡದೆ, ಪಶುವೈದ್ಯರನ್ನೇ ಕರೆತಂದೆ.

ಅವರು ಮೊದಲು ಕೆಂಚಿಯ ಹೆಗಲ ಮೇಲಿನ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು. ಚರ್ಮ ತಕ್ಷಣ ಮೊದಲಿನಂತಾಯಿತು, ಒಸಡೂ ತೇವವಾಗಿಯೇ ಇತ್ತು. ಆದರೆ ಭೇದಿಯಲ್ಲಿ ರಕ್ತ ಕಂಡರೆ, ವಾಂತಿ ಜೊತೆಗೂಡಿದರೆ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಯೋನಿಸ್ರಾವ ದುರ್ವಾಸನೆ ಬೀರಿದರೆ ಕಾಯಬಾರದು. ಕೊನೆಯದು ಗರ್ಭಕೋಶದ ಸೋಂಕಿನ ಗುರುತು. ನಾಯಿ ಏದುಸಿರು ಬಿಡುತ್ತ, ಕಾಲು ಸೆಟೆದು ನಡುಗತೊಡಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುವ ಸಾಧ್ಯತೆಯುಂಟು, ಆಗ ಗಂಟೆಗಳ ಲೆಕ್ಕ. ಅದಕ್ಕೆಂದು ಗಬ್ಬದಲ್ಲಿಯೇ ಕ್ಯಾಲ್ಸಿಯಂ ಮಾತ್ರೆ ನುಂಗಿಸುವವರಿದ್ದಾರೆ. ಹಾಗೆ ಮಾಡಿದರೆ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವ ದೇಹದ ಅಭ್ಯಾಸವೇ ಮಂದವಾಗಿ ಅಪಾಯ ಹೆಚ್ಚುತ್ತದೆ.

ಜಂತುಹುಳದ ಮಾತನ್ನೂ ವೈದ್ಯರೇ ಎತ್ತಿದರು. ತಾಯಿಯ ಮೈಯಲ್ಲಿ ಸುಪ್ತವಾಗಿದ್ದ ದುಂಡುಹುಳದ ಮರಿಗಳು ಗಬ್ಬದ ಕಾಲದಲ್ಲಿ ಎಚ್ಚೆತ್ತು, ಗರ್ಭದಿಂದಲೂ ಹಾಲಿನಿಂದಲೂ ಮರಿಗಳಿಗೆ ದಾಟುತ್ತವೆಯಾದ್ದರಿಂದ, ಎರಡು ವಾರ ತುಂಬಿದಾಗ ಮರಿಗಳ ಜೊತೆ ತಾಯಿಗೂ ಔಷಧಿ ಹಾಕಬೇಕು.

ಐದನೆಯ ದಿನಕ್ಕೆ ಕೆಂಚಿಯ ಮಲ ಗಟ್ಟಿಯಾಯಿತು. "ಬಾಣಂತಿಗೆ ಸಪ್ಪೆ ಅನ್ನ ಹಾಕಿಸ್ತೀಯಲ್ಲವ್ವ" ಎಂದು ಗೊಣಗುತ್ತಲೇ ಅಜ್ಜಿ ಈಗ ತುಪ್ಪವಿಲ್ಲದ ಅನ್ನ ತರುತ್ತಾರೆ. ಕೆಂಚಿ ಮಾತ್ರ ಅನ್ನಕ್ಕೆ ಬಾಯಿ ಹಾಕುವ ಮೊದಲು ಅವರ ಬೆರಳುಗಳನ್ನು ಒಂದೊಂದಾಗಿ ನೆಕ್ಕುವುದನ್ನು ಕಂಡಾಗ ನನಗೆ ಅನುಮಾನ.