ಕೆಲಸ ಕಿತ್ತುಕೊಂಡವರು ಸಂಗಾತಿಗಳಲ್ಲ

ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವ ನೌಕರರ ಗಂಡ ಅಥವಾ ಹೆಂಡತಿಗೆ ವರ್ಕ್ ಪರ್ಮಿಟ್ ಕೊಟ್ಟರೆ ಅಮೆರಿಕದವರ ಕೆಲಸ ಹೋಗುತ್ತದೆ ಎಂದು ಬರೆದಿದ್ದೀರಿ. ನನಗೆ ಇದು ಸರಿ ಅನ್ನಿಸಲಿಲ್ಲ. ಇಂಥ ನೌಕರರ ಕುಟುಂಬದವರಿಗೆ ಕೊಡುವ ಎಚ್-4 ವೀಸಾದಲ್ಲಿ ಹೋದವರಿಗೆಲ್ಲ ಪರ್ಮಿಟ್ ಸಿಗುವುದಿಲ್ಲ. 2015ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಎಚ್-1ಬಿಯಲ್ಲಿರುವ ಸಂಗಾತಿಯ ಐ-140 (ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿಗಾಗಿ ಕಂಪನಿ ಸಲ್ಲಿಸುವ ಅರ್ಜಿ) ಮಂಜೂರಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಅರ್ಜಿಯ ಕಾರಣಕ್ಕೆ ಅವರ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿರಬೇಕು. ಅಂದರೆ ಅಲ್ಲೇ ನೆಲೆಸಲು ಸಾಲಿನಲ್ಲಿ ನಿಂತವರು. ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತದವರ ಸಾಲು ಮುಗಿಯುವುದೇ ಇಲ್ಲ. ಅಷ್ಟು ವರ್ಷ ಓದಿದ ಹೆಣ್ಣುಮಗಳು ಸುಮ್ನೆ ಮನೆಯಲ್ಲಿ ಕೂತಿರಬೇಕಾ?

ಈ ನಿಯಮದ ವಿರುದ್ಧ ಕೋರ್ಟಿಗೆ ಹೋದ ಸೇವ್ ಜಾಬ್ಸ್ ಯುಎಸ್‌ಎ ಸಂಘಟನೆಯವರು ಎಚ್-1ಬಿ ನೌಕರರಿಂದ ತಮ್ಮ ಐಟಿ ಕೆಲಸ ಹೋಯಿತು ಎನ್ನುವವರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಸೇರಿಸಿಕೊಳ್ಳುವ ತೀರ್ಮಾನ ಕಂಪನಿಗಳದ್ದು, ಸಂಗಾತಿಗಳದ್ದಲ್ಲ.

ನನ್ನ ತಂಗಿ ಪರ್ಮಿಟ್ ಇಲ್ಲದೆ ನಾಲ್ಕು ವರ್ಷ ಕಳೆದಳು. ಫೋನಿನಲ್ಲಿ ದನಿ ಕೇಳಿದರೇ ಗೊತ್ತಾಗುತ್ತಿತ್ತು. ಈಗ ದುಡಿಯುತ್ತಾಳೆ, ತೆರಿಗೆ ಕಟ್ಟುತ್ತಾಳೆ, ಮಗು ನೋಡಿಕೊಳ್ಳುವ ಅಲ್ಲಿನ ಹೆಂಗಸಿಗೆ ಸಂಬಳ ಕೊಡುತ್ತಾಳೆ. ಅದೂ ಒಂದು ಕೆಲಸವೇ ಅಲ್ವಾ?