ಹೊಸ ಸ್ಪ್ರೇ ಗನ್ನಿಗೆ ತಂದ ದಿನವೇ ಬಣ್ಣ ಸುರಿಯಬೇಡಿ

ಅಗ್ಗದ ಸ್ಪ್ರೇ ಗನ್ ಬಗ್ಗೆ ಎರಡು ಥರದ ಮಾತು ಕೇಳುತ್ತಲೇ ಇರುತ್ತೇನೆ. ಒಂದು, "ಅದೆಲ್ಲ ಕಸ ಮಾರಾಯ, ತಗೊಂಡ್ರೆ ಜರ್ಮನಿದೋ ಜಪಾನಿಂದೋ ತಗೋಬೇಕು." ಇನ್ನೊಂದು, "ಗನ್ ಅಂದ್ರೆ ಗನ್ನು, ಗಾಳಿ ಬಂದ್ರೆ ಆಯ್ತು." ಎರಡೂ ನನಗೆ ಒಪ್ಪಿಗೆ ಇಲ್ಲ. ಜರ್ಮನಿಯ ಸಾಟಾ, ಜಪಾನಿನ ಇವಾಟಾ ಕಂಪನಿಗಳ ಒಳ್ಳೆಯ ಗನ್ನಿನ ದುಡ್ಡಿಗೆ ನಮ್ಮ ಕಡೆ ಒಂದು ಹಳೇ ಸ್ಕೂಟರ್ ಬರುತ್ತದೆ. ಯಾವಾಗಲೋ ಒಮ್ಮೆ ಗೇಟಿಗೋ, ಕಪಾಟಿಗೋ, ಅಪ್ಪನ ಕಾಲದ ಚೇತಕ್ಕಿಗೋ ಬಣ್ಣ ಹೊಡೆಯುವವನಿಗೆ ಅದು ಯಾಕೆ ಬೇಕು? ಸಾವಿರ ಚಿಲ್ಲರೆ ರೂಪಾಯಿಯ ಗನ್ನಲ್ಲೂ ಕೆಲಸ ಚೆನ್ನಾಗಿಯೇ ಬರುತ್ತದೆ.

ಆದರೆ ಆ ಗನ್ ಡಬ್ಬಿಯಿಂದ ಹೊರಗೆ ಬಂದಾಗ ಇನ್ನೂ ಪೂರ್ತಿ ಆಗಿರುವುದಿಲ್ಲ. ಬೆಲೆ ಇಳಿಸಬೇಕು ಅಂದರೆ ಕಾರ್ಖಾನೆಯವನು ಎಲ್ಲಾದರೂ ಉಳಿಸಲೇಬೇಕು ಅಲ್ವಾ? ಅವನು ಉಳಿಸುವುದು ಕೊನೆಯ ಕೆಲಸದಲ್ಲಿ. ತೂತು ಕೊರೆದ ಮೇಲೆ ಅಂಚು ಉಜ್ಜುವುದು, ಒಳಗೆ ತೊಳೆಯುವುದು, ಒಂದೊಂದನ್ನೂ ಹೊಡೆದು ನೋಡುವುದು. ಅದಷ್ಟನ್ನೂ ನಮಗೆ ಬಿಟ್ಟಿರುತ್ತಾನೆ. ಹೊಸ ಕಬ್ಬಿಣದ ಕಾವಲಿ ತಂದರೆ ಅದನ್ನು ತೊಳೆದು, ಎಣ್ಣೆ ಹಚ್ಚಿ, ಈರುಳ್ಳಿ ಉಜ್ಜಿ ಪಳಗಿಸದೆ ಯಾರೂ ದೋಸೆ ಹುಯ್ಯುವುದಿಲ್ಲ. ಗನ್ ವಿಷಯಕ್ಕೆ ಬಂದರೆ ಮಾತ್ರ ಎಲ್ಲರಿಗೂ ಅವಸರ.

ಪಕ್ಕದ ಬೀದಿಯ ಹುಡುಗನೊಬ್ಬ ಸ್ಕೂಟರಿನ ಸೈಡ್ ಪ್ಯಾನೆಲ್ ಹಿಡಿದುಕೊಂಡು ಬಂದಿದ್ದ. "ಅಣ್ಣಾ, ಪೇಂಟ್ ಡೂಪ್ಲಿಕೇಟ್ ಕೊಟ್ಟಿದ್ದಾರೆ ನೋಡಿ." ಬಣ್ಣದ ಮೇಲೆಲ್ಲ ಸಾಸಿವೆ ಗಾತ್ರದ ಗುಂಡಿಗಳು, ನಡುವೆ ಪ್ರೈಮರ್ ಇಣುಕುತ್ತಿತ್ತು. ಇದಕ್ಕೆ ಪೇಂಟರ್‌ಗಳು ಫಿಶ್ ಐ ಅನ್ನುತ್ತಾರೆ. ಎಣ್ಣೆ ಅಥವಾ ಸಿಲಿಕಾನಿನ ಚುಕ್ಕೆ ಬಿದ್ದ ಕಡೆ ಬಣ್ಣ ನಿಲ್ಲುವುದಿಲ್ಲ, ಸುತ್ತ ಸರಿದುಕೊಳ್ಳುತ್ತದೆ. ಗನ್ ಹೊಸದು, ತೊಳೆದಿರಲಿಲ್ಲ. ತುಕ್ಕು ಹಿಡಿಯದಿರಲಿ ಅಂತ ಕಂಪನಿಯವರು ಒಳಗೆ ಹಚ್ಚಿದ್ದ ಎಣ್ಣೆ ಹಾಗೇ ಇತ್ತು. ಪೇಂಟ್ ಅಂಗಡಿಯವನಿಗೆ ಸುಮ್ನೆ ಬೈಗುಳ.

ಅವನ ಎದುರಿಗೇ ಗನ್ ಬಿಚ್ಚಿದೆ. ಹಿಂದಿನ ನಾಬ್ ಬಿಚ್ಚಿ, ಸ್ಪ್ರಿಂಗ್ ತೆಗೆದು, ನೀಡಲ್ಲನ್ನು, ಅಂದರೆ ಬಣ್ಣದ ದಾರಿ ಮುಚ್ಚಿ ತೆರೆಯುವ ಸೂಜಿಯನ್ನು, ನೇರವಾಗಿ ಹಿಂದಕ್ಕೆ ಎಳೆಯಬೇಕು. ಆಮೇಲೆ ಮುಂದಿನ ಏರ್ ಕ್ಯಾಪ್, ಅಂದರೆ ಗಾಳಿ ಹೊರಬರುವ ತೂತುಗಳಿರುವ ಟೋಪಿ, ಅದು ಕೈಯಲ್ಲೇ ಬರುತ್ತದೆ. ಕೊನೆಗೆ ಸ್ಪ್ಯಾನರ್ ಹಾಕಿ ನಾಝಲ್, ಅಂದರೆ ಬಣ್ಣ ಹೊರಬರುವ ಮೂತಿ. ಡಬ್ಬಿಯಲ್ಲಿ ಕೊಡುವ ಸ್ಪ್ಯಾನರ್ ಬಾಯಿ ಅಗಲ ಆಗುವ ಜಾತಿಯದು, ಮನೆಯಲ್ಲಿ ಸರಿಯಾದ ಸೈಜಿನದು ಇದ್ದರೆ ಅದನ್ನೇ ಹಾಕಿ. ಬಿಚ್ಚುವಾಗ ಒಂದೊಂದು ಹಂತಕ್ಕೂ ಮೊಬೈಲಲ್ಲಿ ಫೋಟೋ ಹೊಡೆದುಕೊಳ್ಳಿ. ಸಣ್ಣ ವಾಷರ್ ಒಂದು ಉರುಳಿ ಹೋದರೆ ಎಲ್ಲಿತ್ತು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಸ್ಟೀಲ್ ಬಟ್ಟಲಿಗೆ ಟಿನ್ನರ್ ಹಾಕಿ ನಾಝಲ್, ಏರ್ ಕ್ಯಾಪ್ ಅದ್ದಿದೆ. ಗನ್ನಿನ ಒಳದಾರಿಗೆ ಸಣ್ಣ ಬ್ರಷ್ ತೂರಿಸಿ ತಿರುವಿ ತೆಗೆದೆ. ಮೆಡಿಕಲ್ ಶಾಪಲ್ಲಿ ಸಿಗುವ, ಹಲ್ಲಿನ ಸಂದಿ ಉಜ್ಜುವ ಬ್ರಷ್ ಇದೆಯಲ್ಲ, ಅದೇ. ಅದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಬ್ರಷ್ಷಿನ ತುದಿ ಕಪ್ಪಗೆ ಜಿಡ್ಡಾಗಿ ಬಂತು. ಬಟ್ಟಲನ್ನು ಬಿಸಿಲಿಗೆ ಓರೆ ಮಾಡಿದಾಗ ತಳದಲ್ಲಿ ಮಿಣಿಮಿಣಿ ಹೊಳೆಯುತ್ತಿತ್ತು. ಎಲ್ಲಾ ಲೋಹದ ಪುಡಿ. ಕಾರ್ಖಾನೆಯಲ್ಲಿ ಕೊರೆದಾಗ ಉಳಿದದ್ದು. ಹುಡುಗ ಬೆರಳು ಅದ್ದಿ ಉಜ್ಜಿ ನೋಡಿ ಸುಮ್ಮನಾದ. ಅದು ನಾಝಲ್ ತುದಿಗೆ ಸಿಕ್ಕಿಕೊಂಡರೆ ಗನ್ ಉಗುಳುತ್ತದೆ. ಬಣ್ಣದ ಜೊತೆ ಪ್ಯಾನೆಲ್ಲಿಗೆ ಬಿದ್ದರೆ ಮರಳಿನ ಹಾಗೆ ಕೈಗೆ ತಾಗುತ್ತದೆ.

ಏರ್ ಕ್ಯಾಪಿನ ಎರಡು ಬದಿಗೆ ಚಾಚಿರುವ ಕೊಂಬಿನ ತೂತುಗಳನ್ನು ಹಲ್ಲುಕಡ್ಡಿಯಲ್ಲಿ ಚುಚ್ಚಿ ನೋಡಿ. ಸೇಫ್ಟಿ ಪಿನ್, ತಂತಿ ಖಂಡಿತ ಬೇಡ. ಆ ತೂತು ಕೂದಲಷ್ಟು ಸೊಟ್ಟ ಆದರೂ ಸ್ಪ್ರೇ ಒಂದು ಕಡೆ ವಾಲುತ್ತದೆ. ಹಾಗೇ, ಇಡೀ ಗನ್ನನ್ನು ರಾತ್ರಿಯಿಡೀ ಟಿನ್ನರಲ್ಲಿ ಮುಳುಗಿಸಿಡುವ ಚಾಳಿಯೂ ಬೇಡ. ಒಳಗಿನ ರಬ್ಬರ್ ಊದಿಕೊಂಡು ಹಾಳಾಗುತ್ತದೆ.

ಟಿನ್ನರ್ ಕೆಲಸ ಬಯಲಲ್ಲಿ ಮಾಡಿ, ಗ್ಲೌಸ್ ಹಾಕಿಕೊಳ್ಳಿ. ಬೀಡಿ ಸಿಗರೇಟು, ಗ್ಯಾಸ್ ಒಲೆ ಹತ್ತಿರ ಬರಬಾರದು.

ಜೋಡಿಸುವಾಗ ಮೊದಲು ನಾಝಲ್ ಬಿಗಿ ಮಾಡಿ, ನೀಡಲ್ ಆಮೇಲೆ. ಉಲ್ಟಾ ಮಾಡಿದರೆ ನೀಡಲ್ ತುದಿಗೆ ಗೀರು ಬೀಳುತ್ತದೆ, ಆಮೇಲೆ ಟ್ರಿಗರ್ ಬಿಟ್ಟರೂ ಬಣ್ಣ ತೊಟ್ಟಿಕ್ಕುತ್ತದೆ. ಟ್ರಿಗರ್ ಹತ್ತಿರ ನೀಡಲ್ ಸುತ್ತ ಒಂದು ಪುಟ್ಟ ನಟ್ ಇರುತ್ತದೆ, ಅದರೊಳಗೆ ಬಣ್ಣ ಸೋರದಂತೆ ತಡೆಯುವ ಪ್ಯಾಕಿಂಗ್. ಅಗ್ಗದ ಗನ್ನಲ್ಲಿ ಅದು ಒಂದೋ ಸಡಿಲ ಇರುತ್ತದೆ, ಇಲ್ಲ ಕಲ್ಲಿನ ಹಾಗೆ ಬಿಗಿ. ನೀಡಲ್ ಹಿಡಿದುಕೊಳ್ಳುವಷ್ಟು ಬಿಗಿ ಮಾಡಿ, ಆಮೇಲೆ ಸ್ವಲ್ಪ ಬಿಡಿ. ಟ್ರಿಗರ್ ಬಿಟ್ಟ ತಕ್ಷಣ ನೀಡಲ್ ತಾನಾಗೇ ಮುಂದೆ ಹೋಗಬೇಕು. ಪ್ಯಾಕಿಂಗಿಗೆ ತಾಗುವ ಜಾಗಕ್ಕೆ ಒಂದು ಚೂರು ವ್ಯಾಸಲೀನ್ ಸಾಕು. ಸಿಲಿಕಾನ್ ಸ್ಪ್ರೇ ಮಾತ್ರ ಹತ್ತಿರ ತರಬೇಡಿ, ತೊಳೆದದ್ದೆಲ್ಲ ನೀರಲ್ಲಿ ಹೋಮ.

ಇನ್ನು ಹೊಡೆದು ನೋಡುವುದು. ಗನ್ನಿನ ಬಣ್ಣ ತುಂಬುವ ಕಪ್‌ಗೆ ಒಂದಿಷ್ಟು ಹೊಸ ಟಿನ್ನರ್ ಹಾಕಿ, ಒರೆಸಿದ ಗಾಜಿನ ಮೇಲೆ ಹೊಡೆಯಿರಿ. ಆರಿದ ಮೇಲೆ ಗಾಜಲ್ಲಿ ಜಿಡ್ಡಿನ ಕಲೆ ಕಂಡರೆ ಮತ್ತೆ ತೊಳೆಯಬೇಕು. ಗಾಜು ಸ್ವಚ್ಛ ಇದ್ದರೆ ಉಳಿದ ಯಾವುದಾದರೂ ಪೇಂಟ್ ತೆಳ್ಳಗೆ ಮಾಡಿ ಹಳೇ ಪೇಪರ್ ಮೇಲೆ ಹೊಡೆಯಿರಿ. ಟ್ರಿಗರ್ ಒತ್ತಿ ಹಿಡಿದಾಗ ಗನ್ನಿನ ಬುಡದಲ್ಲಿ ಗಾಳಿಯ ಒತ್ತಡ 2 ಬಾರ್, ಅಂದರೆ 30 ಪಿಎಸ್‌ಐ ಆಸುಪಾಸು ಇದ್ದರೆ ಶುರು ಮಾಡಲು ಸಾಕು. ಕೈ ಬಿಟ್ಟಾಗ ಮೀಟರ್ ತೋರಿಸುವ ಲೆಕ್ಕ ನಂಬಬೇಡಿ, ಗಾಳಿ ಹರಿಯಲು ಶುರುವಾದ ಕೂಡಲೇ ಅದು ಇಳಿಯುತ್ತದೆ. ಸ್ಪ್ರೇ ಒಂದು ಬದಿಗೆ ದಪ್ಪ ಬಂತಾ? ಏರ್ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ. ದಪ್ಪ ಭಾಗ ಇನ್ನೊಂದು ಬದಿಗೆ ಹೋದರೆ ತೊಂದರೆ ಕ್ಯಾಪಿನದು. ಅಲ್ಲೇ ಉಳಿದರೆ ನಾಝಲ್ ನೋಡಿ. ಕಪ್ಪಿನೊಳಗೆ ಗುಳ್ಳೆ ಏಳುತ್ತಿದ್ದರೆ ನಾಝಲ್ ಸರಿಯಾಗಿ ಕೂತಿಲ್ಲ ಅಂತಲೇ ಲೆಕ್ಕ. ಬಣ್ಣ ಬಂದು ಬಂದು ನಿಲ್ಲುತ್ತಿದ್ದರೆ ಕಪ್ಪಿನ ಮುಚ್ಚಳ ನೋಡಿ. ಗಾಳಿ ಹೋಗಲು ಅಲ್ಲೊಂದು ಸಣ್ಣ ತೂತು ಇರಬೇಕು. ಪ್ಲಾಸ್ಟಿಕ್ ಮುಚ್ಚಿಕೊಂಡು ಆ ತೂತೇ ಇಲ್ಲದ ಮುಚ್ಚಳವನ್ನೂ ನೋಡಿದ್ದೇನೆ!

ಈ ಯಂತ್ರದ ಹುಟ್ಟೇ ಒಂದು ತಮಾಷೆ. 1880ರ ದಶಕದಲ್ಲಿ ಅಮೆರಿಕದ ಟೊಲೆಡೋ ಊರಿನ ಡಾಕ್ಟರ್ ಡಿವಿಲ್ಬಿಸ್ ರೋಗಿಗಳ ಗಂಟಲಿಗೆ ಔಷಧಿ ಚಿಮುಕಿಸಲು ಒಂದು ಉಪಕರಣ ಮಾಡಿದ್ದರು. ಅವರ ಮಗ ಅದೇ ಉಪಾಯವನ್ನು ಬಣ್ಣಕ್ಕೆ ತಂದ. ಆ ಹೆಸರಿನ ಗನ್ನುಗಳು ಈಗಲೂ ಬರುತ್ತವೆ. ಗಂಟಲಿಗೆ ಹಾಕುವ ಸಾಮಾನಾದರೆ ತೊಳೆಯದೆ ಬಳಸುತ್ತಿದ್ದೆವಾ?

ಗನ್ ಎಷ್ಟೇ ತೊಳೆದರೂ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರಿನಿಂದ ನೀರು ಬಂದರೆ ಅದೇ ಗುಂಡಿ, ಅದೇ ಗುಳ್ಳೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಟ್ಯಾಂಕಿನ ಕೆಳಗಿನ ಬಿರಡೆ ಬಿಚ್ಚಿದರೆ ತುಕ್ಕು ನೀರು ಸುರಿಯುತ್ತದೆ. ದಿನಾ ಖಾಲಿ ಮಾಡಿ, ಪೈಪಿಗೆ ಗಾಳಿಯಲ್ಲಿನ ನೀರು ಹಿಡಿಯುವ ಒಂದು ವಾಟರ್ ಫಿಲ್ಟರ್ ಹಾಕಿ. ಮತ್ತೆ, ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಯುವಾಗ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ನಿಲ್ಲಬೇಡಿ. ಅದರಲ್ಲಿರುವ ಐಸೊಸೈನೇಟ್ ಅಸ್ತಮಾ ತರಿಸಬಲ್ಲದು, ಬಟ್ಟೆ ಅದನ್ನು ತಡೆಯುವುದಿಲ್ಲ. ಗನ್ನಲ್ಲಿ ಉಳಿಸಿದ ದುಡ್ಡನ್ನು ಸರಿಯಾದ ಮಾಸ್ಕಿಗೆ ಹಾಕಿ.

ಈ ಗನ್ನುಗಳ ವಿಷಯದಲ್ಲಿ ನನಗಿರುವ ನಿಜವಾದ ತಕರಾರು ಬೇರೆ. ಪ್ಯಾಕಿಂಗ್ ಹೋದರೆ ಬಿಡಿ ಸಾಮಾನು ಸಿಗುವುದಿಲ್ಲ. "ಹೊಸ ಗನ್ನೇ ತಗೊಂಡ್ಬಿಡಿ ಸಾರ್" ಅನ್ನುತ್ತಾರೆ ಅಂಗಡಿಯವರು. ಬೆಂಗಳೂರಿನ ಎಸ್.ಪಿ. ರೋಡಲ್ಲೋ ಜೆ.ಸಿ. ರೋಡಲ್ಲೋ ಹುಡುಕಬಹುದು, ಉಳಿದ ಊರಿನವರು ಎಲ್ಲಿಗೆ ಹೋಗಬೇಕು? ಶಿವಮೊಗ್ಗ, ಹಾಸನ, ಹುಬ್ಬಳ್ಳಿ ಕಡೆ ಪ್ಯಾಕಿಂಗ್ ಸೆಟ್ ಬಿಡಿಯಾಗಿ ಮಾರುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಕೆಳಗೆ ಬರೆಯಿರಿ. ಆ ಹುಡುಗನಿಗೂ ಒಂದು ಬೇಕಾಗಿದೆ.