ಎಲ್ಲರೂ ಕೇಳಿದ್ದು ಪಾರ್ಕಿಂಗ್ ಒಂದನ್ನೇ

ನಿನ್ನೆ ಸಂಜೆಯಿಂದ ಮನಸ್ಸು ಕುದಿಯುತ್ತಿದೆ. ಬರೆಯದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ. ಉದ್ದವಾದೀತು, ಸಹಿಸಿಕೊಳ್ಳಿ.

ನಮ್ಮ ಬೀದಿಯ ಹತ್ತು ಹನ್ನೆರಡು ಮನೆಯವರು ಒಬ್ಬರ ಮಹಡಿಯ ಮೇಲೆ ಸೇರಿದ್ದೆವು. ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆ ಕಾಂಪ್ಲೆಕ್ಸನ್ನು ಮುಂದೆಂದಾದರೂ ಪೂರ್ತಿ ಹೊಸದಾಗಿ ಕಟ್ಟುವುದಾದರೆ ಇಲ್ಲಿ ಬದುಕುವ ನಮಗೆ ಏನು ಬೇಕು ಎಂದು ಒಂದು ಮನವಿ ಬರೆದಿಟ್ಟುಕೊಳ್ಳೋಣ ಎಂಬ ಉದ್ದೇಶ. ಪೆನ್ನು ಹಿಡಿದು ಕುಳಿತವಳು ನಾನು. ಮೊದಲನೆಯವರು ಹೇಳಿದರು: ಪಾರ್ಕಿಂಗ್ ಬೇಕು. ಎರಡನೆಯವರು ಹೇಳಿದರು: ಎರಡು ನೆಲಮಾಳಿಗೆಯ ಪಾರ್ಕಿಂಗ್ ಬೇಕು. ಮೂರನೆಯವರು, ಎರಡು ಸಾಲದು, ಮೂರು ಬೇಕು ಎಂದರು. ಅರ್ಧ ಗಂಟೆ ಕಳೆದ ಮೇಲೆ ನನ್ನ ಹಾಳೆಯಲ್ಲಿದ್ದದ್ದು ಕಾರು ಮಾತ್ರ. ಮನುಷ್ಯ ಒಬ್ಬನೂ ಇರಲಿಲ್ಲ.

ಅದೇ ದಿನ ಬೆಳಗ್ಗೆ ನಾನು ಗೌರಿ ಹಬ್ಬದ ಸಾಮಾನಿಗೆಂದು ಅಲ್ಲಿಗೆ ಹೋಗಿದ್ದೆ. ಮೊರ, ಬಳೆ, ಬಿಚ್ಚೋಲೆ ಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಹೆಂಗಸು, ನನ್ನ ಮಗಳ ವಯಸ್ಸಿನವಳು, ಐದು ಜೊತೆ ಮೊರ ಆರಿಸಿ ಕಟ್ಟಿಸುತ್ತಿದ್ದಳು. ಎಲ್ಲಿಂದ ಬಂದೆಯಮ್ಮಾ ಎಂದೆ. ಬೊಮ್ಮಸಂದ್ರದಿಂದ ಎಂದಳು. ಮೆಟ್ರೋದ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, ಅಲ್ಲಿ ಹಸಿರು ಮಾರ್ಗ ಹತ್ತಿ, ಒಂದೇ ನಿಲ್ದಾಣ ದಾಟಿ ಜಯನಗರದಲ್ಲಿ ಇಳಿದಿದ್ದಾಳೆ. ‘ಮೊದಲಾದರೆ ಇಷ್ಟು ದೂರ ಯಾರು ಬರುತ್ತಿದ್ದರು ಆಂಟಿ, ಈಗ ಬಾಗಿನದ ಸಾಮಾನೆಲ್ಲ ಒಂದೇ ಕಡೆ ಸಿಗುತ್ತದಲ್ಲ’ ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವಳ ಒಂದು ಚೀಲ ನಾನೇ ಹಿಡಿದು ನಿಲ್ದಾಣದವರೆಗೂ ಹೋದೆ. ಹೋಗುವಾಗ ಅರಿವಾಯಿತು: ಕಾಂಪ್ಲೆಕ್ಸಿನಿಂದ ಮೆಟ್ರೋಗೆ ದೂರವೇನೂ ಇಲ್ಲ. ಆದರೆ ಎರಡು ಕೈಯಲ್ಲೂ ಚೀಲ ಹಿಡಿದವಳು ಪಾದಚಾರಿ ಮಾರ್ಗದಿಂದ ರಸ್ತೆಗಿಳಿದು, ನಿಂತ ವಾಹನ ಸುತ್ತಿ, ಮತ್ತೆ ಹತ್ತಿ, ಮತ್ತೆ ಇಳಿದು ಹೋಗಬೇಕು. ಒಂದು ಕಡೆ ನಾವಿಬ್ಬರೂ ಬಸ್ಸಿಗೆ ಮೈ ತಾಗುವಷ್ಟು ಹತ್ತಿರ ನಡೆದೆವು. ಅವಳ ಮೊರದ ಅಂಚು ಮುರಿಯಿತು.

ಆ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ಸಂಜೆ ಸಭೆಗೆ ಹೋದರೆ, ಪಾರ್ಕಿಂಗ್, ಪಾರ್ಕಿಂಗ್, ಪಾರ್ಕಿಂಗ್.

2017ರ ಜೂನ್‌ನಲ್ಲಿ ನಮ್ಮ ನಿಲ್ದಾಣಕ್ಕೆ ರೈಲು ಬಂತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿಗೂ ಉದ್ದದ ಹಳದಿ ಮಾರ್ಗ ಬಂತು. ಬಸ್ ನಿಲ್ದಾಣವಂತೂ ಕಾಂಪ್ಲೆಕ್ಸಿನ ಮಗ್ಗುಲಲ್ಲೇ ಇದೆ. ಇಡೀ ದಕ್ಷಿಣ ಬೆಂಗಳೂರಿನಲ್ಲಿ ಕಾರಿಲ್ಲದೆ ಬರಲು ಇಷ್ಟು ಅನುಕೂಲವಿರುವ ಮಾರುಕಟ್ಟೆ ಇನ್ನೊಂದನ್ನು ನನಗೆ ತೋರಿಸಿ. ಅಂಥ ಜಾಗದಲ್ಲೂ ನಮ್ಮ ಮೊದಲ ಪ್ರಶ್ನೆ ಕಾರು ಎಲ್ಲಿ ನಿಲ್ಲಿಸುವುದು ಎಂದಾದರೆ, ಇಷ್ಟು ಖರ್ಚು ಮಾಡಿ ರೈಲು ತಂದದ್ದು ಯಾರಿಗಾಗಿ?

ಒಂದು ಲೆಕ್ಕ ಹೇಳುತ್ತೇನೆ. ನೆಲಮಾಳಿಗೆಯಲ್ಲಿ ಒಂದು ಕಾರು ನಿಲ್ಲಲು, ಅದು ಒಳಗೆ ಬಂದು ತಿರುಗುವ ದಾರಿಯೂ ಸೇರಿ, ನಗರ ಯೋಜಕರು 32 ಚದರ ಮೀಟರ್ ಹಿಡಿಯುತ್ತಾರೆ. ಇಪ್ಪತ್ತು–ಮೂವತ್ತರ ಸೈಟು ಎಂದರೆ ಸುಮಾರು 56 ಚದರ ಮೀಟರ್. ಅದರ ಅರ್ಧಕ್ಕಿಂತ ಹೆಚ್ಚು ಜಾಗ ಒಂದೇ ಕಾರಿಗೆ. ಹೂವಿನವಳು ಬುಟ್ಟಿ ಇಟ್ಟುಕೊಂಡು ಕೂರಲು ಕೇಳುವುದು ಎಷ್ಟು? ಒಂದು ಚಾಪೆಯಗಲ. ಒಂದು ಕಾರಿನ ಜಾಗದಲ್ಲಿ ಎಷ್ಟು ಸಂಸಾರ ನಡೆಯುತ್ತದೆ ಎಂದು ಎಣಿಸಿ ನೋಡಿ.

ಈಗ ನನ್ನದೇ ಒಂದು ಮಾತು ಹೇಳಬೇಕು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಮದುವೆಯಾಗಿ ಈ ಬಡಾವಣೆಗೆ ಬಂದ ನಾನು ನಮ್ಮ ಯಜಮಾನರು ಇರುವವರೆಗೂ ಮಾರುಕಟ್ಟೆಗೆ ಕಾರಿನಲ್ಲೇ ಹೋಗುತ್ತಿದ್ದೆ. ಒಮ್ಮೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಜಾಗ ಸಿಗದ ಸಿಟ್ಟಿನಲ್ಲಿ, ತಾವರೆ ಮೊಗ್ಗು ಮಾರುತ್ತಿದ್ದ ಮುದುಕಿಯನ್ನು ಗದರಿಸಿ ಬುಟ್ಟಿ ಎತ್ತಿಸಿದೆ. ಅವರು ಎದುರಾಡಲಿಲ್ಲ. ನೀರು ತುಂಬಿದ ಬುಟ್ಟಿಯನ್ನು ಎಳೆದುಕೊಂಡು ಚರಂಡಿಯ ಪಕ್ಕಕ್ಕೆ ಹೋದರು. ಆಮೇಲೆ ನಾನು ಅವರ ಹತ್ತಿರವೇ ಹೂವು ಕೊಂಡೆ. ಅವರು ಎರಡು ಮೊಗ್ಗು ಹೆಚ್ಚಿಗೆ ಹಾಕಿದರು. ಈಗ ಕಾರಿಲ್ಲ, ಮೊಣಕಾಲು ನೋವಿದೆ, ನಡೆಯುತ್ತೇನೆ. ಅಲ್ಲಿ ನಡೆಯುವಾಗಲೆಲ್ಲ ಆ ಬುಟ್ಟಿ ನೆನಪಾಗುತ್ತದೆ.

ವ್ಯಾಪಾರಿಗಳ ಮಾತು ನನಗೆ ಗೊತ್ತಿದೆ: ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ. ನಿನ್ನೆಯೂ ಒಬ್ಬರು ಇದನ್ನೇ ಹೇಳಿದರು. ಹಬ್ಬದ ಮುಂಚಿನ ಯಾವುದಾದರೂ ದಿನ ಅಲ್ಲಿ ಒಂದು ಗಂಟೆ ನಿಂತು ನೋಡಲಿ, ಚೀಲ ಹಿಡಿದು ಬಸ್ಸಿನಿಂದ ಇಳಿಯುವವರನ್ನು ಎಣಿಸಲಿ, ಕಾರಿನಿಂದ ಇಳಿಯುವವರನ್ನೂ ಎಣಿಸಲಿ. ವಯಸ್ಸಾದವರು ಏನು ಮಾಡಬೇಕು ಎಂದು ಇನ್ನೊಬ್ಬರು ಕೇಳಿದರು. ವಯಸ್ಸಾದವಳು ನಾನೇ ಅಲ್ಲವೇ? ನನಗೆ ಬೇಕಾದದ್ದು ಸಮತಟ್ಟಾದ ದಾರಿ, ಹಿಡಿದುಕೊಳ್ಳಲು ಕಂಬಿ, ನೂರು ಹೆಜ್ಜೆಗೊಂದು ಕಲ್ಲುಬೆಂಚು. ಅಂಗವಿಕಲರ ವಾಹನಕ್ಕೆ, ಮುಂಜಾನೆ ಸರಕು ಇಳಿಸುವ ಲಾರಿಗೆ ಜಾಗ ಇರಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಮೂರು ನೆಲಮಾಳಿಗೆಗೆ ನನ್ನ ತಕರಾರು.

ಹಾಗಾದರೆ ಏನು ಬೇಕು? ಕೆಳಗೆ ಅಂಗಡಿ, ಮೇಲೆ ಮನೆ ಬೇಕು. ಇದನ್ನು ನಾವು ಪರದೇಶದಿಂದ ಕಲಿಯಬೇಕಾಗಿಲ್ಲ. ನಮ್ಮ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಹಳೆಯ ಮನೆತನಗಳು ಬದುಕಿದ್ದೇ ಹಾಗೆ, ಕೆಳಗೆ ಜವಳಿ, ಮೇಲೆ ಅಡುಗೆಮನೆ. ಮೇಲೆ ಮನೆಗಳಿದ್ದರೆ ರಾತ್ರಿ ಅಂಗಡಿ ಮುಚ್ಚಿದ ಮೇಲೂ ಕಿಟಕಿಯಲ್ಲಿ ದೀಪವಿರುತ್ತದೆ, ಕೊನೆಯ ರೈಲಿನಿಂದ ಇಳಿದು ಬರುವ ಹುಡುಗಿಗೆ ಧೈರ್ಯವಿರುತ್ತದೆ. ಆ ಮನೆಗಳು ಚಿಕ್ಕವಾಗಿರಲಿ, ಇದೇ ಮಾರುಕಟ್ಟೆಯಲ್ಲಿ ಕೆಲಸ ಮಾಡುವವರು ಬಾಡಿಗೆ ಕೊಡಬಲ್ಲಂತೆ ಇರಲಿ. ಸೀರೆಗೆ ಫಾಲ್ಸ್ ಹಚ್ಚಿ ಪಿಕೋ ಮಾಡುವವನು, ಕೈಗಡಿಯಾರ ರಿಪೇರಿಯವನು, ಗ್ರಂದಿಗೆ ಅಂಗಡಿಯವರು, ಇವರೆಲ್ಲ ಹೊಸ ಕಟ್ಟಡದಲ್ಲೂ ನೆಲಮಹಡಿಯಲ್ಲೇ ಇರಬೇಕು. ಮೂರನೇ ಮಹಡಿಗೆ ಹತ್ತಿ ಹೋಗಿ ಯಾರೂ ಅರಿಸಿನ–ಕುಂಕುಮ ಕೊಳ್ಳುವುದಿಲ್ಲ.

ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರ ಇದೇ ಕಾಂಪ್ಲೆಕ್ಸಿನಲ್ಲಿತ್ತು. ತರಕಾರಿ ಚೀಲವನ್ನು ಕಾಲಬುಡದಲ್ಲಿಟ್ಟುಕೊಂಡು ನಾವು ಅಲ್ಲಿ ಮ್ಯಾಟಿನಿ ನೋಡಿದ್ದೇವೆ. ಈಗ ಅದಿಲ್ಲ. ಅಷ್ಟು ದೊಡ್ಡದು ಬೇಡ, ಇನ್ನೂರು ಜನ ಕೂರುವ ಒಂದು ರಂಗಮಂದಿರ, ಅದೇ ಹೆಸರಿನಲ್ಲಿ, ಮತ್ತೆ ಬರಲಿ ಎಂದು ಆಸೆ. ಇದನ್ನು ಹೇಳಿದಾಗ ಮಾತ್ರ ನಿನ್ನೆ ಎಲ್ಲರೂ ಒಂದು ಕ್ಷಣ ಸುಮ್ಮನಾದರು.

ಬೀದಿ ವ್ಯಾಪಾರಿಗಳ ಮಾತೆತ್ತಿದರೆ ಮುಖ ಗಂಟಿಕ್ಕುವವರಿದ್ದಾರೆ. 2014ರ ಕೇಂದ್ರ ಕಾಯ್ದೆ ಅವರಿಗೆ ಹಕ್ಕು ಕೊಟ್ಟಿದೆ. ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಅಂದರೆ ನಕ್ಷೆ ಬರೆಯುವ ಮೇಜಿನ ಮುಂದೆ ಹೂವಿನವಳಿಗೂ ಒಂದು ಕುರ್ಚಿ ಇರಬೇಕು. ಅವರನ್ನು ಕಟ್ಟಡದ ಹಿಂದಕ್ಕೆ ತಳ್ಳಿದರೆ ಅಲ್ಲಿ ಗಿರಾಕಿ ಬರುವುದಿಲ್ಲ, ಅವರು ಮತ್ತೆ ಪಾದಚಾರಿ ಮಾರ್ಗಕ್ಕೆ ಬರುತ್ತಾರೆ, ನಾವು ಮತ್ತೆ ರಸ್ತೆಗೆ ಇಳಿಯುತ್ತೇವೆ. ಮೆಟ್ರೋದಿಂದ ಕಾಂಪ್ಲೆಕ್ಸಿಗೆ ಬರುವ ದಾರಿಯನ್ನೇ ಅಗಲ ಮಾಡಿ, ಮಾಡು ಹಾಕಿ, ಒಂದು ಬದಿಯಲ್ಲಿ ಅವರಿಗೆ ಗುರುತು ಮಾಡಿದ ಜಾಗ ಕೊಟ್ಟರೆ ಇಬ್ಬರ ಕಷ್ಟವೂ ತೀರುತ್ತದೆ.

ಇವತ್ತು ಬೆಳಗ್ಗೆ ಮತ್ತೆ ಹೋಗಿದ್ದೆ. ಇಪ್ಪತ್ತು ವರ್ಷದಿಂದ ನನಗೆ ಹೂವು ಕೊಡುವಾಕೆಯನ್ನು ಕೇಳಿದೆ: ಇಲ್ಲಿ ಹೊಸದಾಗಿ ಕಟ್ಟಿದರೆ ನಿನಗೆ ಏನು ಬೇಕಮ್ಮಾ? ಆಕೆ ಮೊಳ ಹಾಕುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ. ‘ಒಂದು ನಲ್ಲಿ, ಒಂದು ಕಕ್ಕಸು ಅಮ್ಮಾ. ಬೆಳಗ್ಗೆ ನಾಲ್ಕಕ್ಕೆ ಮನೆ ಬಿಟ್ಟವಳು ರಾತ್ರಿಯವರೆಗೆ ನೀರು ಕುಡಿಯದೆ ಕೂರುತ್ತೇನೆ.’

ಮನೆಗೆ ಬಂದು ನಿನ್ನೆಯ ಹಾಳೆಯನ್ನು ತೆಗೆದಿಟ್ಟು ಹೊಸ ಹಾಳೆ ತೆಗೆದುಕೊಂಡೆ. ಮೊದಲ ಸಾಲಿನಲ್ಲಿ ನಲ್ಲಿ ಮತ್ತು ಕಕ್ಕಸು ಎಂದು ಬರೆದಿದ್ದೇನೆ, ಎರಡನೆಯದರಲ್ಲಿ ಮೊರ ಮುರಿಯದಂತೆ ನಿಲ್ದಾಣ ಸೇರುವ ದಾರಿ. ಬರುವ ಭಾನುವಾರ ಅದೇ ಮಹಡಿಯಲ್ಲಿ ಮತ್ತೆ ಸೇರುತ್ತೇವೆ. ಹೂವಿನಾಕೆಯನ್ನೂ ಕರೆದಿದ್ದೇನೆ. ಬರುತ್ತೇನೆ ಎಂದಿದ್ದಾಳೆ, ಮಧ್ಯಾಹ್ನ ವ್ಯಾಪಾರ ಕಡಿಮೆಯಿರುವ ಹೊತ್ತಿಗೆ. ಆದ್ದರಿಂದ ಸಭೆ ಸಂಜೆ ಐದಕ್ಕಲ್ಲ, ಮಧ್ಯಾಹ್ನ ಎರಡೂವರೆಗೆ. ದಯವಿಟ್ಟು ಬನ್ನಿ.